ದಾದಿಯ ವೃತ್ತಿಧರ್ಮ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಹೆಣ್ಣುಮಗಳೊಬ್ಬಳು ಬಸಿರಾದಳೆಂದು ತಿಳಿದ ದಿನದಿಂದ ಮೊದಲ್ಗೊಂಡು, ಹುಟ್ಟಿದ ಮಗುವಿಗೆ ಕೊನೆಯ ಲಸಿಕೆ ಹಾಕಿಸುವ ದಿನದವರೆಗೆ ಹಳ್ಳಿಯ ಸಂಸಾರಕ್ಕೆ ಅತ್ಯಂತ ಸಮೀಪದಲ್ಲಿ ನಿಂತು ಸೇವೆ ಮಾಡುವವರು ದಾದಿಯರು. ಪಂಚಾಯಿತಿಯ ಕಂದಾಯಕ್ಕೆ ಬಂದವರು ಜಗುಲಿಯ ಮೇಲೆ ಕುಳಿತು ಹಿಂದಿರುಗುತ್ತಾರೆ. ದಾದಿಯಾದರೋ ಬಾಣಂತಿಯ ಕೋಣೆಯವರೆಗೆ ಬರುತ್ತಾರೆ. ಮುಟ್ಟು ನಿಂತ ಸಂಗತಿ, ಹಿಂದೆ ಆದ ಗರ್ಭಸ್ರಾವ, ದಂಪತಿಗಳು ಅನುಸರಿಸುತ್ತಿರುವ ಸಂತಾನ ನಿಯಂತ್ರಣದ ವಿಧಾನ, ರಕ್ತಪರೀಕ್ಷೆಯ ಫಲಿತಾಂಶ, ಹೀಗೆ ಹೆತ್ತ ತಾಯಿಯ ಮುಂದೆಯೂ ಹೇಳಲಾಗದ ಎಷ್ಟೋ ವಿಷಯಗಳು ದಾದಿಗೆ ತಿಳಿದಿರುತ್ತವೆ.

ಇಷ್ಟು ದೊಡ್ಡ ನಂಬಿಕೆಯನ್ನು ಒಬ್ಬರಲ್ಲಿ ಇಡಬೇಕಾದರೆ, ಆ ನಂಬಿಕೆಗೆ ಆಧಾರವಾದ ಕಟ್ಟುಪಾಡುಗಳೂ ಇರಬೇಕಾಗುತ್ತದೆ. ಅಂತಹ ಕಟ್ಟುಪಾಡುಗಳಿಗೆ ವೃತ್ತಿಧರ್ಮ ಎಂದು ಹೆಸರು. ಅವು ದಾದಿಯರ ಪಠ್ಯಪುಸ್ತಕದಲ್ಲಿ ಮಾತ್ರ ಇದ್ದರೆ ಸಾಲದು. ಸೇವೆಯನ್ನು ಪಡೆಯುವ ದಂಪತಿಗಳಿಗೂ ಅವುಗಳ ಪರಿಚಯವಿರಬೇಕು. ತಮಗೆ ಸಲ್ಲಬೇಕಾದುದು ಏನೆಂದು ಬಲ್ಲವರು ಅದನ್ನು ಧೈರ್ಯವಾಗಿ ಕೇಳಬಲ್ಲರು. ಸಲ್ಲದುದನ್ನು ಕೇಳಿ ದಾದಿಯನ್ನು ಸಂಕಟಕ್ಕೆ ಸಿಲುಕಿಸುವುದೂ ಇಲ್ಲ. ಈ ಉದ್ದೇಶದಿಂದಲೇ ಪ್ರಸ್ತುತ ಲೇಖನವನ್ನು ಬರೆಯಲಾಗಿದೆ.

ದಾದಿ ಎಂದರೆ ಯಾರು?

ಉಪಕೇಂದ್ರದಲ್ಲಿ ಕೆಲಸ ಮಾಡುವ ದಾದಿಯನ್ನು ಸರ್ಕಾರದ ಕಾಗದಪತ್ರಗಳಲ್ಲಿ ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಬರೆಯಲಾಗುತ್ತಿತ್ತು. ಈಗ ಕರ್ನಾಟಕದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಆಸ್ಪತ್ರೆಯಲ್ಲಿರುವವರಿಗೆ ಶುಶ್ರೂಷಾಧಿಕಾರಿ ಎಂಬ ಹೆಸರು ಬಂದಿದೆ. ಜನರ ಬಾಯಲ್ಲಿ ಇವರೆಲ್ಲರೂ ನರ್ಸಮ್ಮ ಅಥವಾ ಸಿಸ್ಟರ್. ಈ ಕೆಲಸದಲ್ಲಿ ಪುರುಷರೂ ಇದ್ದಾರೆ. ಪದನಾಮ ಯಾವುದೇ ಇರಲಿ, ನಿಗದಿಯಾದ ಶಿಕ್ಷಣವನ್ನು ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ದಾದಿಯರೆನಿಸುತ್ತಾರೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯು ದಾದಿಯಲ್ಲ. ಆಕೆ ಅದೇ ಊರಿನ ಸ್ವಯಂಸೇವಕಿ. ಆದರೆ ಜನರ ಗುಟ್ಟನ್ನು ಕಾಪಾಡುವ ಹೊಣೆ ಆಕೆಗೂ ಅಷ್ಟೇ ಇದೆ.

ಈ ವೃತ್ತಿಗೆ ಇಂದಿನ ರೂಪವನ್ನು ಕೊಟ್ಟವರು ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೋದ ಆ ಮಹಿಳೆ, 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ತರಬೇತಿ ಶಾಲೆಯನ್ನು ತೆರೆದರು. ದಾದಿಯಾದವಳು ಹರಟೆಯ ಸ್ವಭಾವದವಳಾಗಿರಬಾರದು, ರೋಗಿಯ ವಿಷಯವನ್ನು ಕೇಳುವ ಹಕ್ಕುಳ್ಳವರಿಗೆ ಮಾತ್ರ ಹೇಳಬೇಕು ಎಂಬುದು ಅವರ ಖಚಿತವಾದ ಅಭಿಪ್ರಾಯವಾಗಿತ್ತು. ಅವರ ಹೆಸರಿನಲ್ಲಿಯೇ 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ದಾದಿಯರ ಪ್ರತಿಜ್ಞೆಯೊಂದನ್ನು ರಚಿಸಲಾಯಿತು. ಇಂದಿಗೂ ನಮ್ಮ ನರ್ಸಿಂಗ್ ಶಾಲೆಗಳಲ್ಲಿ ವಿದ್ಯಾರ್ಥಿನಿಯರು ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಅಂತಾರಾಷ್ಟ್ರೀಯ ದಾದಿಯರ ಮಂಡಲಿಯು 1953ರಲ್ಲಿ ನೀತಿಸಂಹಿತೆಯನ್ನು ಅಂಗೀಕರಿಸಿತು. 2021ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ನಮ್ಮ ದೇಶದಲ್ಲಿ 1947ರ ಕಾಯಿದೆಯ ಮೂಲಕ ಭಾರತೀಯ ನರ್ಸಿಂಗ್ ಪರಿಷತ್ತು ಸ್ಥಾಪನೆಯಾಯಿತು. 2023ರಲ್ಲಿ ಸಂಸತ್ತು ನರ್ಸಿಂಗ್ ಮತ್ತು ಸೂಲಗಿತ್ತಿ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವನ್ನು ರಚಿಸುವ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಇವೆಲ್ಲದರ ಸಾರವನ್ನು ನಮ್ಮ ಊರಿನ ಬಾಳಿಗೆ ಅನ್ವಯಿಸಿ ಮುಂದೆ ವಿವರಿಸಲಾಗಿದೆ.

ಸತ್ಯವನ್ನು ಪೂರ್ಣವಾಗಿ ತಿಳಿಸುವುದು

ದಾದಿಯ ಮೊದಲ ಧರ್ಮವೆಂದರೆ ನಿಜವನ್ನು ಹೇಳುವುದು. ಅರ್ಧ ನಿಜ ಸಾಲದು. ಸಂತಾನ ನಿಯಂತ್ರಣದ ವಿಧಾನವೊಂದನ್ನು ಸೂಚಿಸುವಾಗ ಅದರ ಗುಣವನ್ನು ಹೇಳಿದಂತೆಯೇ ಅದರಿಂದ ಆಗಬಹುದಾದ ತೊಂದರೆಯನ್ನೂ ಹೇಳತಕ್ಕದ್ದು.

ಕಾಪರ್-ಟಿ ಎಂದು ಕರೆಯುವ ವಂಕಿಯನ್ನೇ ತೆಗೆದುಕೊಳ್ಳೋಣ. ಒಂದು ಬಗೆಯದು 10 ವರ್ಷ, ಇನ್ನೊಂದು ಬಗೆಯದು 5 ವರ್ಷ ರಕ್ಷಣೆ ಕೊಡುತ್ತದೆ. ಬೇಕೆಂದಾಗ ತೆಗೆಸಿದರೆ ಪುನಃ ಗರ್ಭ ಧರಿಸಬಹುದು. ಆದರೆ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವೂ ಕಿಬ್ಬೊಟ್ಟೆಯ ನೋವೂ ಹೆಚ್ಚಾಗಬಹುದು. ಅಂತರಾ ಎಂಬ ಚುಚ್ಚುಮದ್ದನ್ನು 3 ತಿಂಗಳಿಗೊಮ್ಮೆ ಪಡೆಯಬೇಕು. ಅದರಿಂದ ಮುಟ್ಟು ಏರುಪೇರಾಗಬಹುದು ಅಥವಾ ನಿಂತೇ ಹೋಗಬಹುದು; ಮದ್ದನ್ನು ಬಿಟ್ಟ ಮೇಲೆ ಬಸಿರಾಗುವುದು ಕೆಲವು ತಿಂಗಳು ತಡವಾಗಬಹುದು. ಛಾಯಾ ಮಾತ್ರೆಯನ್ನು ಮೊದಲ 3 ತಿಂಗಳು ವಾರಕ್ಕೆ ಎರಡು ಬಾರಿ, ತರುವಾಯ ವಾರಕ್ಕೆ ಒಂದು ಬಾರಿ ಸೇವಿಸಬೇಕು. ಮಾಲಾ-ಎನ್ ಮಾತ್ರೆಯನ್ನು ದಿನವೂ ತಪ್ಪದೆ ಸೇವಿಸಬೇಕು. 6 ತಿಂಗಳೊಳಗಿನ ಕೂಸಿಗೆ ಮೊಲೆಯೂಡುವ ತಾಯಿಗೆ ಅದು ತಕ್ಕುದಲ್ಲ. ನಿರೋಧ್ ಒಂದೇ ಗರ್ಭವನ್ನೂ ಲೈಂಗಿಕ ಸೋಂಕನ್ನೂ ಒಟ್ಟಿಗೆ ತಡೆಯುವ ಸಾಧನ. ಗಂಡಸಿನ ಶಸ್ತ್ರಚಿಕಿತ್ಸೆಯು ಸುಲಭವಾದುದು, ಹೊಟ್ಟೆ ಕೊಯ್ಯುವ ಪ್ರಸಂಗ ಅಲ್ಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಅನಂತರ 3 ತಿಂಗಳು ಕಳೆದು, ವೀರ್ಯಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾಗುವವರೆಗೆ ಬೇರೊಂದು ವಿಧಾನವನ್ನು ಬಳಸಲೇಬೇಕು.

ಈ ಎಚ್ಚರಿಕೆಗಳನ್ನು ಹೇಳಿದರೆ ಜನರು ಹೆದರಿ ಓಡಿಹೋಗುತ್ತಾರೆಂದು ಕೆಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಮುಂದಾಗಿ ತಿಳಿದ ತೊಂದರೆಯನ್ನು ಹೆಣ್ಣುಮಗಳು ಸಹಿಸುತ್ತಾಳೆ, ಪುನಃ ದಾದಿಯ ಬಳಿಗೆ ಬರುತ್ತಾಳೆ. ತಿಳಿಸದೆ ಬಂದ ತೊಂದರೆಯಿಂದ ಆಕೆಗೆ ಮೋಸ ಹೋದೆನೆಂಬ ಭಾವನೆ ಬರುತ್ತದೆ. ಆಕೆಯ ಮಾತನ್ನು ಕೇಳಿ ಕೇರಿಯ ಹತ್ತು ಹೆಂಗಸರು ಉಪಕೇಂದ್ರಕ್ಕೆ ಬರುವುದನ್ನೇ ಬಿಡುತ್ತಾರೆ.

ಸಮ್ಮತಿಯಿಲ್ಲದೆ ಚಿಕಿತ್ಸೆಯಿಲ್ಲ

ಎರಡನೆಯ ಧರ್ಮವು ಸಮ್ಮತಿಗೆ ಸಂಬಂಧಿಸಿದುದು. ಸಮ್ಮತಿಯೆಂದರೆ ಕಾಗದದ ಮೇಲೆ ಒತ್ತಿದ ಹೆಬ್ಬೆಟ್ಟು ಮಾತ್ರವಲ್ಲ. ವಿಷಯವನ್ನು ತನ್ನ ಭಾಷೆಯಲ್ಲಿ ಕೇಳಿ, ಅರ್ಥ ಮಾಡಿಕೊಂಡು, ಯಾರ ಒತ್ತಾಯವೂ ಇಲ್ಲದೆ, ಯೋಚಿಸಲು ಸಮಯ ಪಡೆದು ಒಪ್ಪಿದಾಗ ಮಾತ್ರ ಅದು ಸಮ್ಮತಿ.

ಹೆರಿಗೆಯಾದ 48 ಗಂಟೆಗಳೊಳಗೆ ವಂಕಿಯನ್ನು ತೊಡಿಸುವ ಸೌಲಭ್ಯವು ನಮ್ಮ ಆಸ್ಪತ್ರೆಗಳಲ್ಲಿದೆ. ಬೇಗನೆ ಇನ್ನೊಂದು ಬಸಿರು ಬೇಡವೆನ್ನುವವರಿಗೆ ಇದು ಬಹಳ ಉಪಯುಕ್ತ. ಆದರೆ ಈ ವಿಷಯವನ್ನು ಗರ್ಭಿಣಿಯಾಗಿರುವಾಗಲೇ, ತಾಯಿ ಕಾರ್ಡು ಹಿಡಿದು ತಪಾಸಣೆಗೆ ಬಂದ ದಿನಗಳಲ್ಲಿಯೇ ಚರ್ಚಿಸಿ ಒಪ್ಪಿಗೆ ಪಡೆದಿರಬೇಕು. ಹೆರಿಗೆಯ ನೋವಿನಿಂದ ಹೊರಳಾಡುತ್ತಿರುವವಳ ಮುಂದೆ ಕಾಗದವನ್ನು ಹಿಡಿದು ಸಹಿ ಹಾಕಿಸುವುದು ಧರ್ಮವಲ್ಲ. ಆ ಹೊತ್ತಿನಲ್ಲಿ ಆಕೆ ಯಾವುದಕ್ಕಾದರೂ ಹ್ಞೂಂ ಎನ್ನುತ್ತಾಳೆ. ತಿಳಿಸದೆಯೇ ವಂಕಿಯನ್ನು ತೊಡಿಸಿ ಕಳುಹಿಸುವುದಂತೂ ಘೋರ ತಪ್ಪು. ಅಂತೆಯೇ, ವಂಕಿಯನ್ನು ತೊಟ್ಟವಳು ತೆಗೆಯಿರೆಂದು ಕೇಳಿದಾಗ, ತರಬೇತಿ ಪಡೆದ ದಾದಿಯು ಕಾರಣವನ್ನು ವಿಚಾರಿಸಬಹುದು, ಸಲಹೆ ಕೊಡಬಹುದು. ಆದರೆ ತೆಗೆಯುವುದಿಲ್ಲವೆಂದು ಹಟ ಹಿಡಿಯತಕ್ಕದ್ದಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಅದು ಶಾಶ್ವತವೆಂದೂ, ಅಪರೂಪಕ್ಕೆ ವಿಫಲವಾಗುವುದುಂಟೆಂದೂ, ಆಮೇಲೆ ಮುಟ್ಟು ತಪ್ಪಿದರೆ 2 ವಾರಗಳೊಳಗೆ ಆಸ್ಪತ್ರೆಗೆ ತಿಳಿಸಬೇಕೆಂದೂ ಮೊದಲೇ ಹೇಳಬೇಕು. ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಬಂದವರಿಗೂ ಬೇಡವೆಂದು ಹಿಂದಿರುಗುವ ಸ್ವಾತಂತ್ರ್ಯವಿದೆ. ಹಾಗೆ ಹಿಂದಿರುಗಿದ ಮಾತ್ರಕ್ಕೆ ಬೇರೆ ಯಾವ ಚಿಕಿತ್ಸೆಯನ್ನೂ ಅವರಿಗೆ ನಿರಾಕರಿಸುವಂತಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ದೊರೆಯುವ ಮೊತ್ತವು ಕೂಲಿಯ ನಷ್ಟಕ್ಕಾಗಿ ಕೊಡುವ ಪರಿಹಾರವೇ ಹೊರತು ಬಹುಮಾನವಲ್ಲ. ಆ ಹಣಕ್ಕಾಗಿ ಯಾರೂ ತೀರ್ಮಾನ ಕೈಗೊಳ್ಳಬಾರದು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಶಸ್ತ್ರಚಿಕಿತ್ಸೆಗೆ ಒಳಗಾಗುವವರ ಒಪ್ಪಿಗೆಯೇ ಮುಖ್ಯ. ಸರ್ಕಾರದ ನಿಯಮದಂತೆ ಪತಿ ಅಥವಾ ಪತ್ನಿಯ ಸಹಿ ಕಡ್ಡಾಯವಲ್ಲ. ಆದರೂ ಸತಿಪತಿಗಳಿಬ್ಬರೂ ಕುಳಿತು ಮಾತನಾಡಿ ನಿರ್ಧರಿಸುವುದು ಸಂಸಾರಕ್ಕೆ ಹಿತ. ಅತ್ತೆ, ಮಾವ, ಭಾವನವರ ಅಭಿಪ್ರಾಯವು ಸಲಹೆಯಾಗಬಹುದೇ ವಿನಾ ಅಪ್ಪಣೆಯಾಗಲಾರದು.

ಚರಿತ್ರೆಯು ಕಲಿಸಿದ ಪಾಠ

ಸಮ್ಮತಿಗೆ ಇಷ್ಟು ಪ್ರಾಮುಖ್ಯ ಏಕೆಂದು ಕೇಳುವವರಿಗೆ ನಮ್ಮ ದೇಶದ ಅನುಭವವೇ ಉತ್ತರ ಹೇಳುತ್ತದೆ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೆ ಮೇಲ್ಪಂಕ್ತಿ ಹಾಕಿತು. 1952ರಲ್ಲಿ ಭಾರತ ಸರ್ಕಾರವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯ ಕಾಲದಲ್ಲಿ ಗುರಿ ಮುಟ್ಟುವ ಆತುರವು ಜನರ ಒಪ್ಪಿಗೆಯನ್ನು ಮೂಲೆಗೆ ತಳ್ಳಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಪಾಲು ಗಂಡಸರವು. ಬಲಾತ್ಕಾರದ ದೂರುಗಳು ಅನೇಕ ರಾಜ್ಯಗಳಿಂದ ಬಂದವು. ಅದರ ಪರಿಣಾಮವಾಗಿ ಗಂಡಸರ ಶಸ್ತ್ರಚಿಕಿತ್ಸೆಯೆಂದರೆ ಜನರು ಬೆದರುವಂತಾಯಿತು. ಸುಲಭವಾದ ಚಿಕಿತ್ಸೆಯನ್ನು ಗಂಡಸರು ಬಿಟ್ಟುದರಿಂದ ಭಾರವೆಲ್ಲವೂ ಹೆಂಗಸರ ಮೈಮೇಲೆ ಬಿದ್ದಿತು. ಒಂದೆರಡು ವರ್ಷಗಳ ಬಲವಂತಕ್ಕೆ ತೆತ್ತ ಬೆಲೆಯನ್ನು ನಮ್ಮ ಹೆಣ್ಣುಮಕ್ಕಳು ಇಂದಿಗೂ ತೆರುತ್ತಿದ್ದಾರೆ.

1996ರಲ್ಲಿ ಸರ್ಕಾರವು ವಿಧಾನವಾರು ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೈಬಿಟ್ಟಿತು. ಆದರೂ 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ ಶಿಬಿರಗಳ ಶಸ್ತ್ರಚಿಕಿತ್ಸೆಯ ಅನಂತರ 13 ಮಂದಿ ಮಹಿಳೆಯರು ಪ್ರಾಣ ಕಳೆದುಕೊಂಡರು. ಒಬ್ಬ ಶಸ್ತ್ರವೈದ್ಯರು ದಿನಕ್ಕೆ 30ಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಬಾರದೆಂಬ ನಿಯಮವಿದ್ದರೂ, ಅಲ್ಲಿಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಂದಿಗೆ ಮಾಡಲಾಗಿತ್ತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಶಿಬಿರಗಳನ್ನು 3 ವರ್ಷಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಎಣಿಕೆಯ ಆತುರದಲ್ಲಿ ನಿಯಮವು ಮುರಿದುಬೀಳುತ್ತಿರುವಾಗ, ಇದು ಸರಿಯಲ್ಲವೆಂದು ಹೇಳುವ ಹೊಣೆ ಅಲ್ಲಿರುವ ಪ್ರತಿಯೊಬ್ಬ ವೈದ್ಯರಿಗೂ ಪ್ರತಿಯೊಬ್ಬ ದಾದಿಗೂ ಇರುತ್ತದೆ. ಮೇಲಿನವರು ಹೇಳಿದರೆಂಬ ಮಾತು ವೃತ್ತಿಧರ್ಮದ ಮುಂದೆ ನಿಲ್ಲುವುದಿಲ್ಲ.

ಗುಟ್ಟನ್ನು ಕಾಪಾಡುವುದು

ಪಟ್ಟಣದ ಆಸ್ಪತ್ರೆಯಲ್ಲಿ ದಾದಿ ಯಾರೋ, ರೋಗಿ ಯಾರೋ. ಹಳ್ಳಿಯಲ್ಲಿ ಹಾಗಲ್ಲ. ದಾದಿಯು ಅದೇ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಾರೆ, ಅದೇ ಜಾತ್ರೆಗೆ ಹೋಗುತ್ತಾರೆ, ಅದೇ ನಲ್ಲಿಯ ಬಳಿ ನಿಲ್ಲುತ್ತಾರೆ. ಅಲ್ಲಿ ಆಡಿದ ಒಂದು ಮಾತಿನಿಂದ ಒಂದು ಸಂಸಾರ ಒಡೆಯಬಹುದು. ಆದುದರಿಂದ ಗೋಪ್ಯತೆಯ ಧರ್ಮವು ಹಳ್ಳಿಯ ದಾದಿಗೆ ಕತ್ತಿಯಂಚಿನ ನಡಿಗೆ.

ಉದಾಹರಣೆಗೆ, ಎರಡು ಹೆಣ್ಣುಮಕ್ಕಳ ತಾಯಿಯೊಬ್ಬಳು ದುರ್ಬಲಳಾಗಿದ್ದಾಳೆ, ರಕ್ತಹೀನತೆಯಿದೆ. ಇನ್ನೆರಡು ವರ್ಷ ಬಸಿರು ಬೇಡವೆಂದು ಗಂಡನೊಡನೆ ಮಾತನಾಡಿ ಅಂತರಾ ಚುಚ್ಚುಮದ್ದನ್ನು ಪಡೆಯುತ್ತಿದ್ದಾಳೆ. ಮೊಮ್ಮಗನಿಗಾಗಿ ಕಾದಿರುವ ಅತ್ತೆ ಉಪಕೇಂದ್ರಕ್ಕೆ ಬಂದು, "ನರ್ಸಮ್ಮಾ, ನಮ್ಮ ಸೊಸೆ ಮೂರು ತಿಂಗಳಿಗೊಮ್ಮೆ ನಿಮ್ಮಲ್ಲಿಗೆ ಯಾತಕ್ಕೆ ಬರುತ್ತಾಳೆ?" ಎಂದು ಕೇಳುತ್ತಾರೆ. ಇಲ್ಲಿ ದಾದಿಯು ಸುಳ್ಳು ಹೇಳಬೇಕಾಗಿಲ್ಲ, ಗುಟ್ಟನ್ನು ಬಿಡಬೇಕಾಗಿಯೂ ಇಲ್ಲ. "ಅಮ್ಮಾ, ನಿಮ್ಮ ವಿಷಯವನ್ನು ನಾನು ಇನ್ನೊಬ್ಬರಿಗೆ ಹೇಳುತ್ತೇನೆಯೇ? ಹಾಗೆಯೇ ಅವರದನ್ನೂ ಹೇಳಲಾರೆ. ಅವರನ್ನೇ ಕೇಳಿ" ಎಂದರೆ ಸಾಕು. ಈ ಉತ್ತರದಿಂದ ಅತ್ತೆಗೆ ಆ ಕ್ಷಣ ಬೇಸರವಾಗಬಹುದು. ಆದರೆ ನಾಳೆ ತಮ್ಮ ಗರ್ಭಕೋಶದ ತೊಂದರೆಯನ್ನು ಹೇಳಿಕೊಳ್ಳಬೇಕಾದಾಗ ಆ ಅತ್ತೆಯೂ ಇದೇ ದಾದಿಯನ್ನೇ ಹುಡುಕಿಕೊಂಡು ಬರುತ್ತಾರೆ.

ಗಂಡನೇ ಕೇಳಿದರೆ? ಹೆಂಡತಿಯ ಒಪ್ಪಿಗೆಯಿದ್ದರೆ ಹೇಳಬಹುದು. ಇಲ್ಲವಾದರೆ ಇಬ್ಬರನ್ನೂ ಕೂಡಿಸಿ ಮಾತನಾಡುವ ಏರ್ಪಾಡು ಮಾಡಬೇಕು. ವಯಸ್ಕಳಾದ ಹೆಣ್ಣುಮಗಳ ಶರೀರದ ವಿಷಯವು ಮೊದಲು ಆಕೆಗೇ ಸೇರಿದುದು. ಗಂಡನ ವಿಷಯಕ್ಕೂ ಇದೇ ನ್ಯಾಯ.

ಕಾಯಿದೆಯೂ ಇದನ್ನೇ ಹೇಳುತ್ತದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಎಚ್‌ಐವಿ ಪರೀಕ್ಷೆಗೆ ಮುಂಚಿತವಾಗಿ ಸಮ್ಮತಿ ಪಡೆಯಬೇಕು, ಫಲಿತಾಂಶವನ್ನು ಗೋಪ್ಯವಾಗಿಡಬೇಕು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ ಗರ್ಭಪಾತ ಮಾಡಿಸಿಕೊಂಡವಳ ಹೆಸರನ್ನು ವೈದ್ಯರು ಹೊರಗೆಡಹಿದರೆ 1 ವರ್ಷದವರೆಗೆ ಸೆರೆವಾಸವಾಗಬಹುದು.

ಗೋಪ್ಯತೆಗೂ ಒಂದು ಮೇರೆಯಿದೆ. 18 ವರ್ಷ ತುಂಬದ ಬಾಲಕಿಯು ಗರ್ಭಿಣಿಯಾಗಿ ಬಂದಾಗ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಬಾಲ್ಯವಿವಾಹವಾಗಿದೆ, ಮುಚ್ಚಿಡಿ ಎಂದು ದಾದಿಯನ್ನು ಬೇಡಿಕೊಳ್ಳುವುದು ವ್ಯರ್ಥ. ಹಾಗೆ ತಿಳಿಸಿದ ಕಾರಣಕ್ಕೆ ಆ ಬಾಲಕಿಗೆ ಚಿಕಿತ್ಸೆಯನ್ನು ನಿರಾಕರಿಸುವಂತೆಯೂ ಇಲ್ಲ.

ಸಮಭಾವ ಮತ್ತು ಗೌರವ

ದಾದಿಯ ಮುಂದೆ ಜಾತಿ, ಮತ, ಕೇರಿ, ಪಕ್ಷ, ಸಿರಿತನ, ಬಡತನ ಇವು ಯಾವುವೂ ಇರಬಾರದು. ಒಂದು ಕೇರಿಗೆ ಒಳಹೋಗದೆ ಬೀದಿಯಲ್ಲಿಯೇ ನಿಂತು ಮಾತ್ರೆ ಎಸೆದು ಹೋಗುವುದು ಸೇವೆಯಲ್ಲ. ಕ್ಷಯ, ಕುಷ್ಠ, ಎಚ್‌ಐವಿ ಇದ್ದವರನ್ನು ಮುಟ್ಟದೆ ದೂರವಿಡುವುದೂ ಸಲ್ಲದು. ಐದನೆಯ ಹೆರಿಗೆಗೆ ಬಂದವಳಿಗೂ ಚೊಚ್ಚಲ ಹೆರಿಗೆಗೆ ಬಂದವಳಿಗೂ ಒಂದೇ ಬಗೆಯ ಆರೈಕೆ ಸಲ್ಲಬೇಕು.

ಹೆರಿಗೆಯ ಕೋಣೆಯಲ್ಲಿ ಬೈಗುಳ, ಅಣಕ, ಹೊಡೆತ ಇವುಗಳಿಗೆ ಎಡೆಯಿಲ್ಲ. ನೋವಿನಲ್ಲಿ ಕೂಗುವುದು ತಪ್ಪಲ್ಲ. ಪರದೆಯಿಲ್ಲದೆ ಪರೀಕ್ಷೆ ಮಾಡಬಾರದು. ಮುಟ್ಟುವ ಮೊದಲು, ಏನು ಮಾಡಲಿದ್ದೇನೆಂದು ಹೇಳಬೇಕು. 2017ರಲ್ಲಿ ಭಾರತ ಸರ್ಕಾರವು ಲಕ್ಷ್ಯ ಎಂಬ ಹೆಸರಿನಲ್ಲಿ ಹೆರಿಗೆ ಕೋಣೆಗಳ ಸುಧಾರಣೆಯನ್ನು ಆರಂಭಿಸಿತು. ಗರ್ಭಿಣಿಯನ್ನು ಗೌರವದಿಂದ ಕಾಣುವುದೂ, ಆಕೆಗೆ ಬೇಕಾದವರೊಬ್ಬರು ಧೈರ್ಯಕ್ಕಾಗಿ ಜೊತೆಯಲ್ಲಿರಲು ಅವಕಾಶ ಕೊಡುವುದೂ ಅದರ ಅಂಗವಾಗಿವೆ.

ಹಣ ಮತ್ತು ಕಾಣಿಕೆ

"ಗಂಡು ಹುಟ್ಟಿದೆ, ಇಷ್ಟು ಕೊಡಿ, ಹೆಣ್ಣು ಹುಟ್ಟಿದೆ, ಅಷ್ಟಾದರೂ ಕೊಡಿ" ಎಂದು ಕೇಳುವ ಕೆಟ್ಟ ರೂಢಿಯು ಅಲ್ಲಲ್ಲಿ ಕೇಳಿಬರುತ್ತದೆ. ಇದು ಲಂಚ, ಅದಕ್ಕಿಂತ ಹೆಚ್ಚಾಗಿ ಹುಟ್ಟಿದ ಕ್ಷಣದಲ್ಲಿಯೇ ಮಗುವಿಗೆ ಬೆಲೆ ಕಟ್ಟುವ ಪಾಪ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆಗಳು, ರಕ್ತ, ಆಸ್ಪತ್ರೆಯಲ್ಲಿರುವಾಗಿನ ಊಟ, ಬರುವ ಹೋಗುವ ವಾಹನ ಇವೆಲ್ಲವೂ ಉಚಿತ. ಇವುಗಳಿಗಾಗಿ ಯಾರಿಗೂ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.

ನೀಡುವವರಿಗೂ ಒಂದು ಮಾತು. ಸಂತೋಷಕ್ಕೆ ಕೊಡುತ್ತೇವೆಂದು ನೋಟನ್ನು ದಾದಿಯ ಕೈಗೆ ತುರುಕುವುದು ಒಳ್ಳೆಯದಲ್ಲ. ಇಂದು ಉಳ್ಳವರು ಸಂತೋಷಕ್ಕೆ ಕೊಟ್ಟುದನ್ನು ನಾಳೆ ಇಲ್ಲದವರು ಸಾಲ ಮಾಡಿ ಕೊಡಬೇಕಾಗುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ದಶಕಗಳ ಕಾಲ ಕಾಸು ಪಡೆಯದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಪಾಲಿಸಿದ ಧರ್ಮವು ಸಂಬಳ ಪಡೆಯುವ ನಮಗೆಲ್ಲರಿಗೂ ಆದರ್ಶ.

ಹೇಳಬಾರದ ಮಾತು, ಮಾಡಬಾರದ ಕೆಲಸ

ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ದಾದಿಯನ್ನು ಕೇಳಬಾರದು. 1994ರ ಕಾಯಿದೆಯ ಪ್ರಕಾರ ಅದನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಬೇರೆ ಯಾವ ರೀತಿಯಿಂದಾಗಲಿ ತಿಳಿಸುವುದು ಅಪರಾಧ. ಮೊದಲ ಸಲದ ತಪ್ಪಿಗೇ 3 ವರ್ಷದವರೆಗೆ ಸೆರೆವಾಸ ಮತ್ತು 10,000 ರೂಪಾಯಿಯವರೆಗೆ ದಂಡವಿದೆ. ಇಂತಹ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ವಿಳಾಸ ಕೊಡುವ ದಾದಿಯು ತನ್ನ ಪ್ರತಿಜ್ಞೆಗೆ ತಾನೇ ಎರವಾಗುತ್ತಾಳೆ.

ಇದಕ್ಕೂ ಗರ್ಭಪಾತದ ಸೇವೆಗೂ ಗೊಂದಲ ಬೇಡ. ಕಾಯಿದೆಯಲ್ಲಿ ಹೇಳಿದ ಕಾರಣಗಳಿಗಾಗಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ವಿಶೇಷ ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಮಾನ್ಯತೆ ಪಡೆದ ಸ್ಥಳದಲ್ಲಿ ಗರ್ಭಪಾತವನ್ನು ಮಾಡಿಸಬಹುದು. 18 ವರ್ಷ ಮೀರಿದ ಹೆಣ್ಣುಮಗಳ ಒಪ್ಪಿಗೆಯೊಂದೇ ಇದಕ್ಕೆ ಸಾಕು. ಇದನ್ನು ಮಾಡತಕ್ಕವರು ವೈದ್ಯರು, ದಾದಿಯಲ್ಲ. ಮನೆಯಲ್ಲಿಯೇ ಕದ್ದು ಮಾಡುತ್ತೇನೆನ್ನುವವರನ್ನು ನಂಬಿದರೆ ಜೀವಕ್ಕೇ ಅಪಾಯ.

ತನ್ನ ವಿದ್ಯೆಯ ಎಲ್ಲೆಯನ್ನು ಅರಿತಿರುವುದೂ ವೃತ್ತಿಧರ್ಮವೇ. ಹೊಲದ ಕೆಲಸಕ್ಕೆ ತಡವಾಗುತ್ತದೆ, ಒಂದು ಇಂಜೆಕ್ಷನ್ ಚುಚ್ಚಿಬಿಡಿ ಸಿಸ್ಟರ್ ಎಂದು ಒತ್ತಾಯಿಸುವವರು ಬಹಳ. ಅಗತ್ಯವಿಲ್ಲದ ಚುಚ್ಚುಮದ್ದನ್ನು ನಿರಾಕರಿಸುವ ದಾದಿಯೇ ಒಳ್ಳೆಯ ದಾದಿ. ಔಷಧಿ ಕೊಡುವ ಮುನ್ನ ಸರಿಯಾದ ವ್ಯಕ್ತಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದನ್ನು ದಾದಿಯು ನೋಡಿಕೊಳ್ಳಬೇಕು. ಅವರು ನಿಮ್ಮ ಹೆಸರನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸಬೇಡಿ. ಅದು ನಿಮ್ಮ ರಕ್ಷಣೆಗಾಗಿಯೇ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸತಕ್ಕದ್ದಲ್ಲ. ಕೈಮೀರಿದ ಹೆರಿಗೆಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ದಾದಿಯನ್ನು ಕೈಲಾಗದವರೆಂದು ಹಳಿಯುವುದು ಅನ್ಯಾಯ. ಸಕಾಲದಲ್ಲಿ ಕಳುಹಿಸಿದುದರಿಂದಲೇ ಎಷ್ಟೋ ತಾಯಂದಿರು ಬದುಕಿ ಉಳಿದಿದ್ದಾರೆ.

ದಂಪತಿಗಳ ಕರ್ತವ್ಯ

ಒಂದೇ ಕೈಯಿಂದ ಚಪ್ಪಾಳೆಯಾಗದು. ದಾದಿಯಿಂದ ಧರ್ಮವನ್ನು ನಿರೀಕ್ಷಿಸುವ ನಾವು ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಒಬ್ಬ ದಾದಿಯ ಹೊಣೆಯಲ್ಲಿ ಹಲವು ಊರುಗಳಿರುತ್ತವೆ. ಬಸ್ಸಿಲ್ಲದ ದಾರಿಯಲ್ಲಿ ಲಸಿಕೆಯ ಡಬ್ಬಿಯನ್ನು ಹೊತ್ತು ನಡೆಯುತ್ತಾರೆ. ಅವರಿಗೂ ಮನೆ ಮಕ್ಕಳಿದ್ದಾರೆ. ನಿಮ್ಮ ಹಿಂದಿನ ಕಾಯಿಲೆ, ಸೇವಿಸುತ್ತಿರುವ ಔಷಧಿ, ಕೊನೆಯ ಮುಟ್ಟಿನ ದಿನ ಇವುಗಳನ್ನು ಮುಚ್ಚಿಡದೆ ಹೇಳಿ. ಹೇಳಿದ ದಿನ ತಪಾಸಣೆಗೆ ಬನ್ನಿ. ಸುಳ್ಳು ಪ್ರಮಾಣಪತ್ರವನ್ನು, ಸುಳ್ಳು ವಯಸ್ಸನ್ನು ಬರೆಯಲು ಒತ್ತಾಯಿಸಬೇಡಿ. ಒಬ್ಬಂಟಿಯಾಗಿ ರಾತ್ರಿ ಹೊತ್ತು ಬರಬೇಕಾದ ದಾದಿಗೆ ಊರಿನ ರಕ್ಷಣೆ ಇರಲಿ. ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದವರಿಗೆ 2009ರ ಕರ್ನಾಟಕದ ಕಾಯಿದೆಯ ಪ್ರಕಾರ ಸೆರೆವಾಸದ ಶಿಕ್ಷೆಯಿದೆ ಎಂಬುದೂ ತಿಳಿದಿರಲಿ.

ತಪ್ಪು ಕಂಡಾಗ ಏನು ಮಾಡಬೇಕು?

ಹಣ ಕೇಳಿದರೆ, ಅವಮಾನ ಮಾಡಿದರೆ, ಗುಟ್ಟನ್ನು ಹೊರಗೆಡಹಿದರೆ ಅಥವಾ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಮಾಡಿದರೆ ಬೀದಿಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಸುಮ್ಮನೆ ನುಂಗಿಕೊಳ್ಳಲೂ ಬೇಡಿ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ, ಅಲ್ಲಿ ಪರಿಹಾರ ದೊರೆಯದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ಆ ಬಳಿಕ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗೆ ದಿನಾಂಕ, ಸ್ಥಳ, ನಡೆದ ಸಂಗತಿ ಇಷ್ಟನ್ನು ಬರೆದು ಕೊಡಿ. ಬರೆಯಲು ಬಾರದವರು 104 ಸಂಖ್ಯೆಯ ಆರೋಗ್ಯ ಸಹಾಯವಾಣಿಗೆ ಫೋನು ಮಾಡಿ ತಿಳಿಸಬಹುದು. ದೂರು ಕೊಟ್ಟವರಿಗೆ ಚಿಕಿತ್ಸೆಯನ್ನು ನಿರಾಕರಿಸುವ ಅಧಿಕಾರ ಯಾರಿಗೂ ಇಲ್ಲ. ನಾವು ವೈದ್ಯಾಧಿಕಾರಿಗಳಾದವರಿಗೂ ಇಂತಹ ದೂರುಗಳು ಬೇಕು. ಕಂಡ ತಪ್ಪನ್ನು ಯಾರೂ ಹೇಳದಿದ್ದರೆ ತಿದ್ದುವುದು ಸಾಧ್ಯವಾಗದು.

ದಾದಿಯನ್ನು ಕೇಳಬೇಕಾದ ಪ್ರಶ್ನೆಗಳು

ಯಾವುದೇ ಚಿಕಿತ್ಸೆಗೆ ಅಥವಾ ಸಂತಾನ ನಿಯಂತ್ರಣದ ವಿಧಾನಕ್ಕೆ ಒಪ್ಪುವ ಮೊದಲು ಸತಿಪತಿಗಳು ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯಬೇಕು:

1. ಇದು ನಮಗೆ ಏಕೆ ಬೇಕು?
2. ಇದರಿಂದ ಆಗಬಹುದಾದ ತೊಂದರೆಗಳೇನು? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು?
3. ಇದರ ಬದಲಿಗೆ ಬೇರೆ ಯಾವ ವಿಧಾನಗಳಿವೆ?
4. ಇದು ತಾತ್ಕಾಲಿಕವೋ, ಶಾಶ್ವತವೋ? ಬೇಡವೆನಿಸಿದರೆ ನಿಲ್ಲಿಸಬಹುದೇ?
5. ಇದಕ್ಕೆ ಏನಾದರೂ ಖರ್ಚಿದೆಯೇ?
6. ಮುಂದಿನ ತಪಾಸಣೆಗೆ ಎಂದು ಬರಬೇಕು?

ಈ ಆರು ಪ್ರಶ್ನೆಗಳಿಗೆ ತಾಳ್ಮೆಯಿಂದ, ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರ ಹೇಳುವುದು ದಾದಿಯ ಕರ್ತವ್ಯವಾಗಿರುತ್ತದೆ. ಉತ್ತರ ಕೇಳಿದ ಮೇಲೆ ಯೋಚಿಸಿ ಬರುತ್ತೇವೆಂದು ಹೇಳಿ ಮನೆಗೆ ಹಿಂದಿರುಗಲು ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ. ನಿಮ್ಮ ಉಪಕೇಂದ್ರದ ದಾದಿಯ ದೂರವಾಣಿ ಸಂಖ್ಯೆಯನ್ನೂ, ತುರ್ತು ವಾಹನದ 108 ಸಂಖ್ಯೆಯನ್ನೂ ತಾಯಿ ಕಾರ್ಡಿನ ಮೇಲೆ ಇಂದೇ ಬರೆದಿಟ್ಟುಕೊಳ್ಳಿ.